ದಿನವೂ ಗಡ್ಡ ಬೋಳಿಸಲೇಬೇಕಾದ ಕೆಲಸದಲ್ಲಿ ಕುತ್ತಿಗೆಯ ಗುಳ್ಳೆಗಳಿಗೆ ಏನು ಮಾಡಬೇಕು?

ಅಂಧೇರಿಯ ಹೋಟೆಲಿನ ಸ್ವಾಗತ ವಿಭಾಗದಲ್ಲಿ ದಿನವೂ ನುಣ್ಣಗೆ ಕ್ಷೌರ ಮಾಡಿಕೊಂಡೇ ಬರಬೇಕೆಂಬ ನಿಯಮವಿದ್ದು, ಅದರಿಂದ ನಿಮ್ಮ ಕುತ್ತಿಗೆಯ ತುಂಬ ಗುಳ್ಳೆಗಳೆದ್ದಿವೆ ಎಂದು ಬರೆದಿದ್ದೀರಿ. ನಾನು ವೈದ್ಯನಲ್ಲ, ಮುಂಬಯಿಯಲ್ಲೇ ಇಂಥದೇ ಕೆಲಸದಲ್ಲಿದ್ದು ಇದೇ ತೊಂದರೆಯೊಂದಿಗೆ ಬಾಳುತ್ತಿರುವವನು.

ಗುಂಗುರು ಕೂದಲನ್ನು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸಿದಾಗ ಅದರ ಚೂಪು ತುದಿ ನೇರವಾಗಿ ಹೊರಬರದೆ ಬಾಗಿ ಚರ್ಮದೊಳಕ್ಕೇ ಚುಚ್ಚಿಕೊಳ್ಳುತ್ತದೆ, ಅಲ್ಲಿ ಊತವೂ ಉರಿಯೂ ಕಾಣಿಸಿಕೊಳ್ಳುತ್ತವೆ. ಮೂರು, ಐದು ಬ್ಲೇಡುಗಳ ದುಬಾರಿ ರೇಜರ್ ಕೂದಲನ್ನು ಎಳೆದು ಕತ್ತರಿಸುವುದರಿಂದ ತೊಂದರೆಯನ್ನು ಹೆಚ್ಚಿಸುತ್ತದೆ. ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯುವುದೂ ಹಾಗೆಯೇ.

ಆದ್ದರಿಂದ ಟ್ರಿಮ್ಮರನ್ನು ಚರ್ಮಕ್ಕೆ ಒತ್ತದೆ ಆಡಿಸಿ, ಅರ್ಧದಿಂದ ಒಂದು ಮಿಲಿಮೀಟರಿನಷ್ಟು ಕೂದಲು ಉಳಿಸಿಕೊಳ್ಳಿ. ಬೆಳಗಿನ ಪಾಳಿಯ ಮೇಲ್ವಿಚಾರಕರ ಕಣ್ಣಿಗೆ ಅಷ್ಟು ಕೂದಲು ಗಡ್ಡವಾಗಿ ಕಾಣುವುದು ಅಪರೂಪ. ರೇಜರೇ ಬೇಕೆಂದಾದರೆ ಬಿಸಿನೀರಿನಿಂದ ಗಡ್ಡವನ್ನು ಚೆನ್ನಾಗಿ ನೆನೆಸಿ, ಒಂಟಿ ಬ್ಲೇಡಿನಿಂದ ಕೂದಲು ಬೆಳೆಯುವ ದಿಕ್ಕಿನಲ್ಲಿ ಮಾತ್ರ ಬೋಳಿಸಿ. ಕುತ್ತಿಗೆಯಲ್ಲಿ ಅದು ಅನೇಕರಿಗೆ ಅಡ್ಡಡ್ಡ ಬೆಳೆಯುವುದರಿಂದ ಮೊದಲು ಬೆರಳಾಡಿಸಿ ನೋಡಿಕೊಳ್ಳಬೇಕು. ಸ್ಟೇಷನ್ ಪಕ್ಕದ ಸಲೂನಿನಲ್ಲಿ ಎರಡನೆಯ ಸಲ ‘ಉಲ್ಟಾ’, ಅಂದರೆ ಕೂದಲು ಬೆಳೆಯುವ ದಿಕ್ಕಿಗೆ ಎದುರಾಗಿ, ಹೊಡೆಯುವುದು ವಾಡಿಕೆ. ಕುರ್ಚಿಯಲ್ಲಿ ಕೂರುವಾಗಲೇ ಬೇಡವೆಂದುಬಿಡಿ. ಪಟಿಕ ಗಾಯದ ರಕ್ತ ನಿಲ್ಲಿಸೀತು, ಸಿಕ್ಕಿಕೊಂಡ ಕೂದಲನ್ನು ಬಿಡಿಸದು.

ಒಳಸೇರಿದ ಕೂದಲನ್ನು ಕೆದಕಿ ಕಿತ್ತರೆ ಕಪ್ಪು ಕಲೆ ಉಳಿಯುತ್ತದೆ. ಇಂಥ ಗುಳ್ಳೆಗಳಿಗೆ ಹಚ್ಚಿಕೊಳ್ಳಲು ಅಡಾಪಲಿನ್ ಅಥವಾ ಬೆಂಜಾಯ್ಲ್ ಪೆರಾಕ್ಸೈಡ್ ಎಂಬ ಔಷಧವನ್ನು ವೈದ್ಯರು ಸೂಚಿಸುವುದುಂಟು. ಎರಡನೆಯದು ಬಟ್ಟೆಯ ಬಣ್ಣ ತೆಗೆಯುತ್ತದೆ, ಸಮವಸ್ತ್ರದ ಕಾಲರ್ ಜೋಪಾನ. ಔಷಧದಂಗಡಿಯವರು ಕೇಳಿದೊಡನೆ ಕೊಡುವ ಸ್ಟೆರಾಯ್ಡ್ ಬೆರೆಸಿದ ಮುಲಾಮನ್ನು ಮಾತ್ರ ನೀವಾಗಿ ಹಚ್ಚಿಕೊಳ್ಳಬೇಡಿ. ಅದು ಮೊದಲು ಶಮನ ಕೊಟ್ಟರೂ ಬಹುಕಾಲ ಬಳಸಿದರೆ ಚರ್ಮವನ್ನು ತೆಳುವಾಗಿಸುತ್ತದೆ.

ಗುಳ್ಳೆಗಳು ಮಾಯಲು ಸುಮಾರು ನಾಲ್ಕು ವಾರ ಕ್ಷೌರ ನಿಲ್ಲಿಸುವುದೇ ಹೆಚ್ಚು ಫಲಕಾರಿ, ಅದಕ್ಕೆ ಕಚೇರಿಯ ಒಪ್ಪಿಗೆ ಬೇಕು. ಬಾಯಿಮಾತಿನಲ್ಲಿ ವಾದಿಸುವ ಬದಲು ಪರೇಲಿನ ಕೆಇಎಂ ಅಥವಾ ಸಯನ್ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ಕೇಸ್ ಪೇಪರ್ (ಹೊರರೋಗಿಯ ನೋಂದಣಿ ಚೀಟಿ) ಮಾಡಿಸಿ, ರೋಗದ ಹೆಸರು, ಉಳಿಸಬೇಕಾದ ಕೂದಲಿನ ಉದ್ದ ಮತ್ತು ಅವಧಿಯನ್ನು ಸ್ಪಷ್ಟವಾಗಿ ಬರೆದ ಪತ್ರವನ್ನು ಕೇಳಿ ಪಡೆಯಿರಿ. ‘ಚರ್ಮದ ತೊಂದರೆ’ ಎಂದಷ್ಟೇ ಬರೆದ ಚೀಟಿಗೆ ಎಚ್‌ಆರ್‌ನವರು ಬೆಲೆ ಕೊಡುವುದು ಕಡಿಮೆ.

ಇಷ್ಟಾದರೂ ತಗ್ಗದಿದ್ದರೆ ಲೇಸರ್ ಇದೆ. ನಮ್ಮಂಥ ಕಪ್ಪು ಮೈಬಣ್ಣಕ್ಕೆ 1064 ನ್ಯಾನೋಮೀಟರ್ ತರಂಗಾಂತರದ ಎನ್‌ಡಿ-ಯಾಗ್ ಎಂಬ ಬಗೆಯ ಲೇಸರ್ ಹೆಚ್ಚು ಸುರಕ್ಷಿತ. ಅದರಿಂದ ಕೂದಲು ಬಹುಕಾಲ ವಿರಳವಾಗುವುದರಿಂದ, ಮುಂದೆಂದಾದರೂ ಗಡ್ಡ ಬಿಡುವ ಆಸೆಯಿದ್ದರೆ ಕುತ್ತಿಗೆಗೆ ಮಾತ್ರ ಮಾಡಿಸಿಕೊಳ್ಳಿ.