ಆರೋಗ್ಯ ಪ್ರಶ್ನೋತ್ತರ: ಸೊಂಟ ನೋವು ಮತ್ತು ಅತಿಯಾದ ಬೆವರು

ಪ್ರಶ್ನೆ: ನನಗೆ 44 ವರ್ಷ. ಹಾಸನ ಜಿಲ್ಲೆಯ ಹಳ್ಳಿಯೊಂದರಲ್ಲಿ ಬೇಸಾಯದ ಜೊತೆಗೆ ಹಸುಗಳನ್ನು ಸಾಕಿಕೊಂಡು ಡೇರಿಗೆ ಹಾಲು ಹಾಕುತ್ತೇನೆ. ಎರಡು ತಿಂಗಳಿಂದ ಸೊಂಟ ನೋವಿದ್ದು, ಮಲಗಿದರೂ ಕಡಿಮೆಯಾಗುವುದಿಲ್ಲ. ಸಂಜೆಯ ಹೊತ್ತಿಗೆ ಮೈ ಸ್ವಲ್ಪ ಬಿಸಿಯಾಗುತ್ತದೆ. ನಡುರಾತ್ರಿಯಲ್ಲಿ ಬನಿಯನ್, ಹೊದಿಕೆ ಒದ್ದೆಯಾಗುವಷ್ಟು ಬೆವರುತ್ತೇನೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲವೆಂದು ನೋವಿನ ಮಾತ್ರೆ ಕೊಟ್ಟಿದ್ದಾರೆ. ನಾಲ್ಕು ತಿಂಗಳ ಹಿಂದೆ ಒಂದು ಹಸು ಕಂದು ಹಾಕಿದ್ದರಿಂದ (ಗರ್ಭಪಾತವಾದ್ದರಿಂದ) ಆದಾಯವೂ ಕುಗ್ಗಿದೆ. ದೊಡ್ಡ ತಪಾಸಣೆಗಳಿಗೆ ಹಣ ಹೊಂದಿಸುವುದು ಕಷ್ಟ. ಈ ನೋವಿಗೂ ಬೆವರಿಗೂ ಸಂಬಂಧವಿದೆಯೆ?

ಉತ್ತರ: ಸಂಬಂಧವಿರುವ ಸಾಧ್ಯತೆ ಇದೆ, ಮತ್ತು ಅದನ್ನು ಈ ವಾರವೇ ಪರೀಕ್ಷಿಸಿಕೊಳ್ಳಬೇಕು. ತೀವ್ರವಾದ ನೋವು ಯಾರಲ್ಲೇ ಆದರೂ ಬೆವರು ತರಿಸಬಹುದು, ಆದರೆ ಆ ಬೆವರು ನೋವು ಹೆಚ್ಚಾದಾಗ ಬಂದು ನೋವು ಇಳಿದಂತೆ ನಿಲ್ಲುತ್ತದೆ. ನಿದ್ದೆಯಲ್ಲಿ ಬಟ್ಟೆ ತೊಯ್ಯುವಷ್ಟು ಬರುವ ಬೆವರು, ಅದರ ಜೊತೆಗೆ ಸಂಜೆಯ ಜ್ವರ ಮತ್ತು ವಿಶ್ರಾಂತಿಗೂ ಬಗ್ಗದ ನೋವು, ಇವು ಮೂರೂ ಕೂಡಿದಾಗ ಅದನ್ನು ಡಿಸ್ಕ್ ಜಾರಿದ ನೋವು ಅಥವಾ ಭಾರ ಎತ್ತಿದ ನೋವು ಎಂದು ಭಾವಿಸಿ ಸುಮ್ಮನಿರಬಾರದು; ಬೆನ್ನುಮೂಳೆಗೆ ಸೋಂಕು ತಗುಲಿರಬಹುದೆ ಎಂದು ಹುಡುಕಬೇಕು. ಎಕ್ಸ್‌ರೇ ಸರಿಯಾಗಿದೆ ಎಂಬುದು ಇಲ್ಲಿ ಸಮಾಧಾನಕ್ಕೆ ಸಾಲದು, ಏಕೆಂದರೆ ಇಂತಹ ಸೋಂಕಿನ ಮೊದಲ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಬದಲಾವಣೆ ಕಾಣದಿರಬಹುದು.

ನಮ್ಮಲ್ಲಿ ಮೊದಲು ನೆನಪಾಗಬೇಕಾದದ್ದು ಬೆನ್ನುಮೂಳೆಯ ಕ್ಷಯ. ಕೆಮ್ಮು ಇಲ್ಲದೆಯೂ ಅದು ಬರುತ್ತದೆ. ಆದರೆ ನಿಮ್ಮ ಪತ್ರದಲ್ಲಿ ಆದಾಯದ ಮಾತಿನ ನಡುವೆ ಬಂದುಹೋದ ಒಂದು ಸಂಗತಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು: ಹಸು ಕಂದು ಹಾಕಿದ್ದು. ಹಸುಗಳಲ್ಲಿ ಗರ್ಭದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕಿಸುವ ಬ್ರೂಸೆಲ್ಲೋಸಿಸ್ ಎಂಬ ರೋಗ ಮನುಷ್ಯರಿಗೂ ಹರಡುತ್ತದೆ. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯರು ಮಾಲ್ಟಾ ದ್ವೀಪದಲ್ಲಿ ಇದರ ರೋಗಾಣುವನ್ನು ಗುರುತಿಸಿದರು. ಏರಿ ಇಳಿಯುವ ಜ್ವರ, ವಿಪರೀತ ಬೆವರು, ಸುಸ್ತು, ಕೀಲು ನೋವು ಇದರ ಲಕ್ಷಣಗಳು. ಸೊಂಟದ ಮೂಳೆಗಳೂ ಅವುಗಳ ಕೆಳಗಿನ ಕೀಲುಗಳೂ ಇದು ಸುಲಭವಾಗಿ ಹಿಡಿಯುವ ಜಾಗಗಳು. ಸತ್ತ ಕರುವನ್ನೋ ಕಸವನ್ನೋ (ಮಾಸು) ಬರಿಗೈಯಲ್ಲಿ ಎತ್ತಿ ಹಾಕುವುದರಿಂದ, ಕೈಯ ಗಾಯಗಳ ಮೂಲಕ, ಕಾಯಿಸದ ಹಾಲನ್ನು ಕುಡಿಯುವುದರಿಂದ ಇದು ನಮ್ಮೊಳಗೆ ಸೇರುತ್ತದೆ. ಸೋಂಕು ತಗುಲಿದ ಎಷ್ಟೋ ವಾರಗಳ, ಕೆಲವೊಮ್ಮೆ ತಿಂಗಳುಗಳ ನಂತರ ಲಕ್ಷಣ ಕಾಣುವುದರಿಂದ ಕೊಟ್ಟಿಗೆಯಲ್ಲಿ ನಡೆದ ಘಟನೆ ರೋಗಿಗೆ ನೆನಪಾಗುವುದೇ ಇಲ್ಲ, ವೈದ್ಯರೂ ಕೇಳುವುದಿಲ್ಲ. ಆದ್ದರಿಂದ ಕೇಳದಿದ್ದರೂ ನೀವೇ ಮೊದಲು ಇದನ್ನು ಹೇಳಿ.

ಜಿಲ್ಲಾ ಆಸ್ಪತ್ರೆಗೋ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಹೋದರೆ ಖರ್ಚಿನ ಹೊರೆ ಬಹಳ ಇಳಿಯುತ್ತದೆ. ದೇಹದಲ್ಲಿ ಉರಿಯೂತವಿದೆಯೆ ಎಂದು ತೋರಿಸುವ ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆಗಳ ಮಟ್ಟ ಏರಿದ್ದರೆ ಸೋಂಕಿನ ಅನುಮಾನ ಬಲವಾಗುತ್ತದೆ. ಬ್ರೂಸೆಲ್ಲಾ ಪರೀಕ್ಷೆಯನ್ನು ಹೆಸರು ಹಿಡಿದು ಕೇಳಬೇಕಾಗುತ್ತದೆ. ಸೋಂಕು ನಿಖರವಾಗಿ ಎಲ್ಲಿದೆ ಎಂಬುದನ್ನು ಎಂಆರ್‌ಐ ತೋರಿಸುತ್ತದೆ. ಕ್ಷಯದ ತಪಾಸಣೆ ಮತ್ತು ಔಷಧ ಸರ್ಕಾರಿ ಕಾರ್ಯಕ್ರಮದಲ್ಲಿ ಉಚಿತ. ಬ್ರೂಸೆಲ್ಲೋಸಿಸ್‌ಗೆ ಡಾಕ್ಸಿಸೈಕ್ಲಿನ್ ಜೊತೆಗೆ ಇನ್ನೊಂದು ಔಷಧವನ್ನು ಕನಿಷ್ಠ 6 ವಾರ, ಬೆನ್ನುಮೂಳೆಗೆ ತಗುಲಿದ್ದರೆ 12 ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಕೊಡುತ್ತಾರೆ. ಅದಕ್ಕೆ ಬಳಸುವ ರಿಫಾಂಪಿಸಿನ್, ಸ್ಟ್ರೆಪ್ಟೊಮೈಸಿನ್ ಕ್ಷಯದ ಔಷಧಗಳೂ ಹೌದು. ಯಾವ ರೋಗವೆಂದು ಖಚಿತವಾಗದೆ ಅರೆಬರೆ ಶುರುಮಾಡಿದರೆ ಇದ್ದ ಕ್ಷಯ ಮರೆಯಾಗಿ, ಔಷಧಕ್ಕೆ ಬಗ್ಗದಂತೆ ಬಲಿಯಬಹುದು. ರೋಗ ಖಚಿತವಾಗುವವರೆಗೆ ಯಾರೇ ಹೇಳಿದರೂ ಸ್ಟೀರಾಯ್ಡ್ ಇಂಜೆಕ್ಷನ್ ಬೇಡ. ಕಾಲಿನ ಶಕ್ತಿ ಕುಂದಿದರೆ, ಮೂತ್ರ ಕಟ್ಟಿದರೆ ಅಥವಾ ಗುದದ್ವಾರದ ಸುತ್ತ ಮರಗಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಮನೆಯವರಲ್ಲಿ ಯಾರಿಗಾದರೂ ಜ್ವರವಿದ್ದರೆ ಅವರಿಗೂ ಪರೀಕ್ಷೆ ಆಗಬೇಕು. ಪಶುವೈದ್ಯರಿಗೆ ತಿಳಿಸಿ ಹಸುಗಳ ರಕ್ತಪರೀಕ್ಷೆ ಮಾಡಿಸಿ. ಮಕ್ಕಳಿಗೆ ಪ್ರೀತಿಯಿಂದ ಕೊಡುವ ನೊರೆಹಾಲನ್ನು ನಿಲ್ಲಿಸಿ, ಉಕ್ಕು ಬರುವಂತೆ ಕಾಯಿಸಿಯೇ ಕೊಡಿ. 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಈ ರೋಗದ ಲಸಿಕೆಯನ್ನು 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಉಚಿತವಾಗಿ ಹಾಕುತ್ತಾರೆ.

ಪ್ರಶ್ನೆ: 52 ವರ್ಷದ ಶಿಕ್ಷಕಿ ನಾನು. ಡಿಸ್ಕ್ ತೊಂದರೆಯ ಸೊಂಟ ನೋವಿಗೆ ಒಬ್ಬರು ಡುಲೊಕ್ಸೆಟಿನ್ (ಖಿನ್ನತೆಗೂ ನೋವಿಗೂ ಕೊಡುವ ಔಷಧ), ಇನ್ನೊಬ್ಬರು ಟ್ರಾಮಡಾಲ್ (ಪ್ರಬಲ ನೋವುನಿವಾರಕ) ಬರೆದುಕೊಟ್ಟಿದ್ದು, ಎರಡನ್ನೂ ತೆಗೆದುಕೊಳ್ಳುತ್ತಿದ್ದೇನೆ. ಜ್ವರವಿಲ್ಲ, ಆದರೆ ಹಗಲೂ ಬೆವರು ಸುರಿಯುತ್ತದೆ. ಮುಟ್ಟು ನಿಂತು ವರ್ಷವಾಯಿತು.

ಉತ್ತರ: ನಿಮ್ಮ ವಿಷಯದಲ್ಲಿ ಬೆವರಿಗೆ ಕಾರಣ ನೋವಿಗಿಂತ ಮಾತ್ರೆಗಳೇ ಇರಬಹುದು, ಎರಡೂ ಔಷಧಗಳಿಗೆ ಬೆವರು ತರಿಸುವ ಗುಣವಿದೆ. ಇವೆರಡನ್ನೂ ಒಟ್ಟಿಗೆ ನುಂಗುತ್ತಿದ್ದೀರಿ ಎಂಬುದನ್ನು ಇಬ್ಬರು ವೈದ್ಯರಿಗೂ ಇಂದೇ ತಿಳಿಸಿ. ಬೆವರಿನ ಜೊತೆಗೆ ಕೈನಡುಕ, ಚಡಪಡಿಕೆ, ಭೇದಿ, ಎದೆಬಡಿತ, ಜ್ವರ ಕಾಣಿಸಿಕೊಂಡರೆ ಅದು ತುರ್ತು ಸ್ಥಿತಿ. ಹಾಗೆಂದು ನೀವಾಗಿಯೇ ದಿಢೀರನೆ ನಿಲ್ಲಿಸಬೇಡಿ, ಏಕೆಂದರೆ ನಿಲ್ಲಿಸುವಾಗಲೂ ಬೆವರು, ತಲೆಸುತ್ತು ಬರುತ್ತವೆ. ಪ್ರಮಾಣವನ್ನು ವೈದ್ಯರೇ ಹಂತಹಂತವಾಗಿ ಇಳಿಸಬೇಕು. ಎದೆಯಿಂದ ಮುಖದವರೆಗೆ ಬಿಸಿ ಏರಿ ಕೆಲವೇ ನಿಮಿಷಗಳಲ್ಲಿ ಇಳಿಯುತ್ತಿದ್ದರೆ ಅದು ಮುಟ್ಟು ನಿಂತ ಕಾರಣದಿಂದಲೂ ಇರಬಹುದು. ಥೈರಾಯ್ಡ್ ಮತ್ತು ಸಕ್ಕರೆಯ ಪರೀಕ್ಷೆಗಳನ್ನು ಒಮ್ಮೆ ಮಾಡಿಸಿ. ಬೆವರು ಯಾವ ಹೊತ್ತಿಗೆ, ಯಾವ ಮಾತ್ರೆ ನುಂಗಿದ ಎಷ್ಟು ಹೊತ್ತಿನ ಮೇಲೆ ಬರುತ್ತದೆ ಎಂದು ಒಂದು ವಾರ ಬರೆದಿಟ್ಟುಕೊಂಡು ಹೋದರೆ ವೈದ್ಯರಿಗೆ ಕಾರಣ ಹುಡುಕಲು ಅದೇ ದೊಡ್ಡ ನೆರವು.