ಅಂಕ ಬಂದರೆ ಮಾತ್ರ ಫೀಸಾ?

ಪ್ರಶ್ನೆ: ಮಗ ಡಿಗ್ರಿ ಎರಡನೇ ವರ್ಷದಲ್ಲಿದ್ದಾನೆ. ಕಳೆದ ಸೆಮಿಸ್ಟರ್‌ನಲ್ಲಿ ಎರಡು ವಿಷಯ ಹೋಗಿವೆ. ಅದನ್ನು ಎರಡು ತಿಂಗಳು ನಮ್ಮಿಂದ ಮುಚ್ಚಿಟ್ಟಿದ್ದ. ಗೊತ್ತಾದ ದಿನದಿಂದ ನಮ್ಮ ಯಜಮಾನರದು ಒಂದೇ ಹಟ, ಮುಂದಿನ ಸಲ ಶೇಕಡಾ 70 ಬಾರದಿದ್ದರೆ ಫೀಸ್ ಕಟ್ಟುವುದಿಲ್ಲ ಅಂತ. ಓದೇ ನಿಂತುಹೋದರೆ ಅಂತ ನನಗೆ ಹೆದರಿಕೆ. ಹಾಗಂತ ಸುಮ್ನೆ ದುಡ್ಡು ಸುರಿಯುತ್ತಾ ಹೋಗುವುದೂ ಸರಿ ಅನ್ನಿಸುವುದಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಆ ಎರಡು ತಿಂಗಳ ಮೇಲೆ. ಫೇಲಾಗಿದ್ದಕ್ಕಿಂತ ಅದು ದೊಡ್ಡ ವಿಷಯ. ಹೇಳಿದರೆ ಏನಾಗುತ್ತದೋ ಅಂತ ಹೆದರಿ ಬಾಯಿ ಮುಚ್ಚಿಕೊಂಡಿದ್ದಾನೆ. ಈಗ ಅಂಕಕ್ಕೆ ಫೀಸನ್ನೂ ಗಂಟು ಹಾಕಿದರೆ, ಮುಂದಿನ ಸಲ ಇನ್ನೂ ಚೆನ್ನಾಗಿ ಮುಚ್ಚಿಡುವುದನ್ನು ಕಲಿಯುತ್ತಾನೆ ಅಷ್ಟೆ.

ಯಜಮಾನರ ಸಿಟ್ಟಿನಲ್ಲಿ ಹುರುಳಿಲ್ಲ ಅಂತಲ್ಲ. ಅಪ್ಪ ಅಮ್ಮ ಜಾಸ್ತಿ ದುಡ್ಡು ಕೊಟ್ಟಷ್ಟೂ ಕಾಲೇಜು ಮಕ್ಕಳ ಅಂಕ ಸ್ವಲ್ಪ ಇಳಿಯುತ್ತದೆ ಅಂತ ಅಮೆರಿಕದ ಸಮಾಜಶಾಸ್ತ್ರಜ್ಞೆ ಲಾರಾ ಹ್ಯಾಮಿಲ್ಟನ್ 2013ರಲ್ಲಿ ಬರೆದರು. ಇದನ್ನು ಅವರಿಗೆ ಓದಿ ಹೇಳಿ, ಖುಷಿಪಡುತ್ತಾರೆ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಅದೇ ಅಧ್ಯಯನದ ಇನ್ನರ್ಧ ನಿಮ್ಮ ಕಡೆಗಿದೆ. ಮನೆಯಿಂದ ದುಡ್ಡು ಸಿಕ್ಕ ಮಕ್ಕಳು ಡಿಗ್ರಿ ಮುಗಿಸುವ ಸಾಧ್ಯತೆ ಹೆಚ್ಚಿತ್ತು.

ಅಂಕಕ್ಕೆ ದುಡ್ಡು ಕೊಟ್ಟರೆ ಏನಾಗುತ್ತದೆ ಅಂತ ಅರ್ಥಶಾಸ್ತ್ರಜ್ಞ ರೋಲಂಡ್ ಫ್ರೈಯರ್ ಅಲ್ಲಿನ ಶಾಲೆಗಳಲ್ಲಿ ಪ್ರಯೋಗ ಮಾಡಿ ನೋಡಿದ್ದರು. ಪರೀಕ್ಷೆಯ ಫಲಿತಾಂಶಕ್ಕೆ ಕೊಟ್ಟಲ್ಲಿ ಹೇಳಿಕೊಳ್ಳುವಂಥ ಲಾಭ ಆಗಲಿಲ್ಲ. ಪುಸ್ತಕ ಓದಿದ್ದಕ್ಕೆ ಕೊಟ್ಟಲ್ಲಿ ಮಕ್ಕಳ ಓದು ಸುಧಾರಿಸಿತು. ಅವರೆಲ್ಲ ಶಾಲೆಯ ಮಕ್ಕಳು, ನಿಮ್ಮವನು ಬೆಳೆದ ಹುಡುಗ, ನಿಜ. ಆದರೆ ಅಲ್ಲಿ ಕಂಡ ಕಾರಣ ಇಲ್ಲಿಗೂ ಹೊಂದುತ್ತದೆ. ಮಕ್ಕಳಿಗೆ ಅಂಕ ಬೇಕಿತ್ತು, ಅದನ್ನು ತರುವುದು ಹೇಗೆ ಅಂತ ಗೊತ್ತಿರಲಿಲ್ಲ.

ನಿಮ್ಮ ಮಗನಿಗೆ ಗೊತ್ತಿದೆಯಾ? ಆ ಎರಡು ವಿಷಯ ಯಾಕೆ ಹೋದವು? ಪಾಠ ತಲೆಗೆ ಹತ್ತುತ್ತಿಲ್ಲವಾ, ಕ್ಲಾಸಿಗೇ ಹೋಗುತ್ತಿಲ್ಲವಾ, ಅಥವಾ ಕೋರ್ಸೇ ಅವನು ಬಯಸಿದ್ದಲ್ಲವಾ? (ಆರಿಸಿದ್ದು ಯಾರು ಅಂತ ನೀವು ಬರೆದಿಲ್ಲ.) ಊಟ, ನಿದ್ದೆ, ಗೆಳೆಯರು ಎಲ್ಲ ಬಿಟ್ಟು ಮಂಕಾಗಿದ್ದರೆ ಫೀಸಿನ ಮಾತು ಬದಿಗಿಟ್ಟು ಮೊದಲು ಆಪ್ತ ಸಲಹೆಗಾರರ ಹತ್ತಿರ ಕರೆದುಕೊಂಡು ಹೋಗಿ. 70 ಅನ್ನುವುದು ಇದ್ಯಾವುದಕ್ಕೂ ಮದ್ದಲ್ಲ.

ಷರತ್ತೇ ಬೇಡ ಅಂತ ನಾನು ಹೇಳುತ್ತಿಲ್ಲ. ಅವನ ಕೈಯಲ್ಲಿರುವುದಕ್ಕೆ ಹಾಕಿ. ಕ್ಲಾಸ್ ತಪ್ಪಿಸಬಾರದು. ಅರ್ಥವಾಗದಿದ್ದರೆ ಮೇಷ್ಟ್ರನ್ನು ಕೇಳಬೇಕು. ಫಲಿತಾಂಶ ಬಂದ ದಿನವೇ ನಿಮಗೆ ತೋರಿಸಬೇಕು, ಅದು ಎಂಥದ್ದೇ ಇರಲಿ, ಆ ದಿನ ಮನೆಯಲ್ಲಿ ಕೂಗಾಟ ಇಲ್ಲ. ಈ ಕೊನೆಯ ಮಾತು ನಿಮ್ಮಿಬ್ಬರಿಗೂ ಷರತ್ತು. ಹೋದ ವಿಷಯಗಳ ಮರುಪರೀಕ್ಷೆ ಶುಲ್ಕವನ್ನು ರಜೆಯಲ್ಲಿ ಏನಾದರೂ ಕೆಲಸ ಮಾಡಿ ಅವನೇ ಕಟ್ಟಲಿ. ಇಷ್ಟೂ ಒಪ್ಪಿಕೊಂಡು ಮತ್ತೆ ಕಾಲೇಜಿನ ಕಡೆ ತಲೆ ಹಾಕದಿದ್ದರೆ ಫೀಸ್ ನಿಲ್ಲಿಸಿ. ಆಗ ನಾನೂ ನಿಮ್ಮ ಯಜಮಾನರ ಪಕ್ಷ. ಪ್ರಯತ್ನಪಟ್ಟು 55 ತಂದವನ ಫೀಸ್ ಮಾತ್ರ ನಿಲ್ಲಿಸಬೇಡಿ.

ಈ ಷರತ್ತುಗಳ ಮಾತು ಮುಂದಿನ ವಾರಕ್ಕಿರಲಿ. ಈ ವಾರ ಅಪ್ಪ ಮಗ ಒಂದು ಸಂಜೆ ಸುಮ್ನೆ ವಾಕಿಂಗ್ ಹೋಗಿ ಬರಲಿ. ನೀವು ಜೊತೆಗೆ ಹೋಗಬೇಡಿ.