ನಾಲ್ಕು ಗಾಲಿ ಎಳೆದರೂ ಎರೆಮಣ್ಣು ಬಿಡಲ್ಲ

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ದೊಡ್ಡ ಗಾಡಿಗಳದ್ದೇ. ಟರ್ಬೊ ಇರಬೇಕು, ನಾಲ್ಕೂ ಗಾಲಿ ಎಳೆಯಬೇಕು, ಮನೆಮಂದಿಯೆಲ್ಲ ಹಿಡಿಸಬೇಕು. ಮಳೆ ಶುರುವಾಗಿದೆಯಲ್ಲ, ಅದಕ್ಕೇ ಇರಬೇಕು. ಬಂದವೆಲ್ಲ ದಾವಣಗೆರೆ, ಚಿತ್ರದುರ್ಗ ಕಡೆಯವೇ ಆಗಿದ್ದರಿಂದ ಒಟ್ಟಿಗೆ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಸಾರ್, ನಾವು ದಾವಣಗೆರೆಯವರು. ಅಪ್ಪ, ಅಮ್ಮ, ಮಕ್ಕಳು ಸೇರಿ ಮನೆಯಲ್ಲಿ ಆರು ಜನ. ಜಗಳೂರು ಕಡೆ ಹೊಲ ಇದೆ. ಡಾಂಬರು ಬಿಟ್ಟ ಮೇಲೆ ಒಂದೂವರೆ ಕಿಲೋಮೀಟರ್ ಬಂಡಿದಾರಿ, ಪೂರ್ತಿ ಎರೆ. 2022ರ ಮಹೀಂದ್ರಾ ಎಕ್ಸ್‌ಯುವಿ700 ಡೀಸೆಲ್ ಆಟೊಮ್ಯಾಟಿಕ್, ಆಲ್ ವೀಲ್ ಡ್ರೈವ್ (ನಾಲ್ಕೂ ಗಾಲಿ ಎಳೆಯುವುದು) ಇರುವುದು ಸೆಕೆಂಡ್ ಹ್ಯಾಂಡಲ್ಲಿ ಸಿಗುತ್ತಿದೆ. ಮುಂದಿನ ಗಾಲಿ ಮಾತ್ರ ಎಳೆಯುವ ಅದೇ ಗಾಡಿ ಇನ್ನೂ ಕಡಿಮೆಗೆ ಬರುತ್ತದೆ. ಯಾವುದು ತಗೊಳ್ಳಲಿ? ತಮ್ಮ ಬೇರೆ, ತಗೊಂಡರೆ ಟೊಯೋಟಾ ಫಾರ್ಚುನರ್ರೇ ತಗೋ ಅಂತಾನೆ.

ಉತ್ತರ: ಮೊದಲು ಎರೆ ವಿಷಯ ಮುಗಿಸೋಣ, ಆಮೇಲೆ ಗಾಡಿ.

ಮಳೆ ಬಿದ್ದ ಎರೆಹೊಲದಲ್ಲಿ ಚಪ್ಪಲಿ ಹಾಕಿಕೊಂಡು ನಡೆದವರಿಗೆ ನಾನು ಹೇಳುವುದೇನೂ ಇಲ್ಲ. ಹತ್ತು ಹೆಜ್ಜೆಗೆ ಒಂದೊಂದು ಕಾಲು ಎರಡೆರಡು ಕೆಜಿ ಆಗುತ್ತದೆ. ಟೈರಿಗೂ ಅದೇ ಗತಿ. ಎರಡು ವರ್ಷದ ಹಿಂದೆ ಸ್ನೇಹಿತರೊಬ್ಬರ ಮೆಕ್ಕೆಜೋಳದ ಹೊಲಕ್ಕೆ ಇಂಥದ್ದೇ ಆಲ್ ವೀಲ್ ಡ್ರೈವ್ ಗಾಡಿ ತಗೊಂಡು ಹೋಗಿದ್ದೆ, ಸ್ವಲ್ಪ ಜಂಬದಿಂದಲೇ. ಮೊದಲ ಇನ್ನೂರು ಅಡಿ ಚೆನ್ನಾಗಿಯೇ ಹೋಯಿತು. ಆಮೇಲೆ ಟೈರಿನ ಗೀರುಗಳಲ್ಲೆಲ್ಲ ಮಣ್ಣು ಮೆತ್ತಿಕೊಂಡು ನಾಲ್ಕೂ ಟೈರು ಎಣ್ಣೆ ಸವರಿದ ಹಾಗೆ ನುಣ್ಣಗಾದವು. ಗಾಲಿ ಮತ್ತು ಮಡ್‌ಗಾರ್ಡ್ ನಡುವೆ ಬೆರಳು ತೂರಿಸಲೂ ಜಾಗ ಇರಲಿಲ್ಲ. ನಾಲ್ಕೂ ಗಾಲಿ ಪ್ರಾಮಾಣಿಕವಾಗಿ ತಿರುಗುತ್ತಿವೆ, ಗಾಡಿ ಮಾತ್ರ ನಿಂತಲ್ಲೇ ಕೆಳಗಿಳಿಯುತ್ತಿದೆ. ಕೊನೆಗೆ ಪಕ್ಕದ ಹೊಲದವರ ಟ್ರ್ಯಾಕ್ಟರ್, ಸರಪಳಿ, ಮತ್ತು ಇಡೀ ಸಂಜೆ ಅವರ ನಗು.

ಯಾಕೆ ಹೀಗೆ? ಈ ಜಾತಿಯ ಗಾಡಿಗಳಲ್ಲಿ ಎಂಜಿನ್ ಅಡ್ಡಕ್ಕೆ ಕೂತಿರುತ್ತದೆ, ಮಾಮೂಲಿ ಓಟದಲ್ಲಿ ಮುಖ್ಯವಾಗಿ ಎಳೆಯುವುದು ಮುಂದಿನ ಗಾಲಿಗಳೇ. ಗೇರ್‌ಬಾಕ್ಸ್‌ನಿಂದ ಒಂದು ಉದ್ದನೆಯ ಶಾಫ್ಟ್ ಹಿಂದಕ್ಕೆ ಹೋಗಿರುತ್ತದೆ. ಹಿಂದಿನ ಡಿಫರೆನ್ಷಿಯಲ್ (ಎಡ ಬಲ ಗಾಲಿಗೆ ಶಕ್ತಿ ಹಂಚುವ ಗೇರಿನ ಡಬ್ಬಿ) ಹತ್ತಿರ ಒಂದು ಕ್ಲಚ್ ಪೊಟ್ಟಣ, ಅಂದರೆ ಬಿಲ್ಲೆಗಳನ್ನು ಒಂದರ ಮೇಲೊಂದು ಜೋಡಿಸಿದ ಹಾಗೆ. ಮುಂದಿನ ಗಾಲಿ ಜಾರುತ್ತಿದೆ ಅಂತ ಕಂಪ್ಯೂಟರಿಗೆ ಗೊತ್ತಾದ ತಕ್ಷಣ ಆ ಬಿಲ್ಲೆಗಳನ್ನು ಒತ್ತುತ್ತದೆ, ಹಿಂದಿನ ಗಾಲಿಗೂ ಶಕ್ತಿ ಹೋಗುತ್ತದೆ. ಒಂದು ಗಾಲಿ ಗಾಳಿಯಲ್ಲಿ ಸುಮ್ನೆ ತಿರುಗಿದರೆ ಅದಕ್ಕಷ್ಟೇ ಬ್ರೇಕ್ ಹಾಕಿ ಶಕ್ತಿಯನ್ನು ಪಕ್ಕದ ಗಾಲಿಗೆ ದಾಟಿಸುತ್ತದೆ. ಒಳ್ಳೆ ವ್ಯವಸ್ಥೆ. ಒದ್ದೆ ಘಾಟಿ, ಜಲ್ಲಿ ರಸ್ತೆ, ಕೆಮ್ಮಣ್ಣಿನ ಏರು, ಇದಕ್ಕೆಲ್ಲ ಸಾಕಾಗಿ ಮಿಗುತ್ತದೆ. ಆದರೆ ನಿಧಾನಕ್ಕೆ, ಹೆಚ್ಚು ಬಲದಿಂದ ಎಳೆಯುವ ಲೋ ಗೇರ್ ಇಲ್ಲ. ಕೆಸರಿನಲ್ಲಿ ಬಹಳ ಹೊತ್ತು ಗುದ್ದಾಡಿದರೆ ಆ ಬಿಲ್ಲೆಗಳು ಬಿಸಿಯಾಗುತ್ತವೆ, ಜಾಸ್ತಿ ಬಿಸಿಯಾದರೆ ಕಂಪ್ಯೂಟರ್ ಹಿಂದಿನ ಗಾಲಿಯ ಸಹವಾಸವೇ ಬೇಡ ಅಂತ ಬಿಟ್ಟುಬಿಡುತ್ತದೆ.

ತಮ್ಮ ಹೇಳುವ ಫಾರ್ಚುನರ್ 4x4 ಬೇರೆ ಕುಲ. ಲಾರಿ ತರಹ ಚಾಸಿ, ಮಾಮೂಲಿಗೆ ಹಿಂದಿನ ಗಾಲಿ ಎಳೆತ, ಬೇಕಾದಾಗ ಲೋ ಗೇರ್. 2.8 ಲೀಟರ್ ಡೀಸೆಲ್, ಆಟೊಮ್ಯಾಟಿಕ್‌ನಲ್ಲಿ 204 ಪಿಎಸ್ ಶಕ್ತಿ, 500 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಎರೆಯಲ್ಲಿ ನನ್ನ ಗಾಡಿಗಿಂತ ಮುಂದೆ ಹೋಗುತ್ತಿತ್ತು, ಒಪ್ಪುತ್ತೇನೆ. ಹೋಗಿ ಇನ್ನೂ ಸ್ವಲ್ಪ ದೂರದಲ್ಲಿ ಸಿಕ್ಕಿಕೊಳ್ಳುತ್ತಿತ್ತು, ಅಷ್ಟೇ. ಅದೇ ಟೈರಿನಲ್ಲಿ ಹೋದರೆ ಯಾವ ಗಾಡಿಗೂ ಎರೆ ಮರ್ಯಾದೆ ಕೊಡುವುದಿಲ್ಲ. ಮೇಲಾಗಿ ದಿನಾ ಅಪ್ಪ-ಅಮ್ಮ ಹತ್ತಿ ಇಳಿಯಬೇಕು, ಹಿಂದಿನ ಸೀಟಿನಲ್ಲಿ ಕುಲುಕಾಟ ಕಡಿಮೆ ಇರಬೇಕು ಅಂದರೆ ಎಕ್ಸ್‌ಯುವಿಯೇ ವಾಸಿ.

ಈಗ ನಿಮ್ಮ ಗಾಡಿ. 2.2 ಲೀಟರ್ ಟರ್ಬೊ ಡೀಸೆಲ್, 185 ಪಿಎಸ್, ಆಟೊಮ್ಯಾಟಿಕ್‌ನಲ್ಲಿ 450 ನ್ಯೂಟನ್ ಮೀಟರ್. ಆ 450 ಸಿಗುವುದು 1750ರಿಂದ 2800 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತು) ಒಳಗೆ. ಇಷ್ಟು ಕಡಿಮೆ ಸುತ್ತಿಗೇ ಪೂರ್ತಿ ಬಲ ಸಿಗುವುದೇ ನಿಮಗೆ ಮುಖ್ಯ. ಹೈವೇಯಲ್ಲಿ ಆರು ಜನ, ಡಿಕ್ಕಿಯಲ್ಲಿ ಮಂಡಕ್ಕಿ ಚೀಲ ಹಾಕಿಕೊಂಡು ಲಾರಿ ದಾಟಿಸುವಾಗ ಎಂಜಿನ್ ಕಿರುಚಿಸುವ ಅಗತ್ಯ ಬೀಳುವುದಿಲ್ಲ. ಮುಂದಿನ ಗಾಲಿ ಎಳೆತದ ಡೀಸೆಲ್ ಆಟೊಮ್ಯಾಟಿಕ್‌ನಲ್ಲೂ ಇದೇ ಎಂಜಿನ್, ಇದೇ ಶಕ್ತಿ. ಹಾಗಾಗಿ ನನ್ನ ಮಾತು ಕೇಳುವುದಾದರೆ ಅದನ್ನೇ ತಗೊಳ್ಳಿ. ಉಳಿದ ದುಡ್ಡಲ್ಲಿ ಒಳ್ಳೆ ಟೈರು ಹಾಕಿಸಿ. ಎರಡು ಟ್ರಿಪ್ ಗರಸು ಮಣ್ಣು ಹೊಡೆಸಿದರೆ ಬಂಡಿದಾರಿಯೂ ಸುಧಾರಿಸುತ್ತದೆ. ಮಳೆಗಾಲದ ಎರಡು ತಿಂಗಳು ಡಾಂಬರಿನ ಅಂಚಲ್ಲಿ ಗಾಡಿ ನಿಲ್ಲಿಸಿ ನಡೆಯಿರಿ. ವರ್ಷಕ್ಕೆ ನಾಲ್ಕೈದು ಸಲ ಮಲೆನಾಡಿನ ಘಾಟಿ ಇಳಿಯುವವರಾದರೆ ಮಾತ್ರ ಆಲ್ ವೀಲ್ ಡ್ರೈವ್‌ಗೆ ದುಡ್ಡು ಹಾಕಿ. ಆಗಲೂ ಒಂದು ನೆನಪಿರಲಿ: ಅದು ಹೊರಡಲು, ಏರಲು ಸಹಾಯ ಮಾಡುತ್ತದೆ, ನಿಲ್ಲಲು ಅಲ್ಲ. ಬ್ರೇಕ್ ಎಲ್ಲ ಗಾಡಿಗೂ ನಾಲ್ಕು ಗಾಲಿಗೇ ಇರುವುದು, ಅಲ್ವಾ?

ಇಷ್ಟು ಹೇಳಿಯೂ ಆಲ್ ವೀಲ್ ಡ್ರೈವೇ ಬೇಕು ಅಂದರೆ, ನೋಡಲು ಹೋದಾಗ ಒಂದು ಕೆಲಸ ಮಾಡಿ. ಖಾಲಿ ಮೈದಾನದಲ್ಲಿ ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ, ನಿಧಾನ ಸುತ್ತು ಹಾಕಿ. ಹಿಂದಿನಿಂದ ಗಡಗಡ ನಡುಕ ಬಂದರೆ ಕ್ಲಚ್ ಪೊಟ್ಟಣ ಸುಸ್ತಾಗಿರಬಹುದು. ಆಮೇಲೆ ಲಿಫ್ಟ್ ಮೇಲೆ ಹಾಕಿಸಿ ಹಿಂದಿನ ಡಿಫರೆನ್ಷಿಯಲ್ ಒದ್ದೆ ಇದೆಯಾ ನೋಡಿ. ಮೂಲೆಮೂಲೆಯಲ್ಲಿ ಒಣಗಿದ ಕಪ್ಪು ಮಣ್ಣು ಕಂಡರೆ ಹಿಂದಿನ ಮಾಲೀಕರೂ ನನ್ನ ಹಾಗೆಯೇ ಜಂಬದವರು ಅಂತ ಅರ್ಥ.

ಪ್ರಶ್ನೆ: ನಮ್ಮದು ಚಿತ್ರದುರ್ಗ. ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿ ಬರುತ್ತೇನೆ. ಟರ್ಬೊ ಗಾಡಿಯನ್ನು ನಿಲ್ಲಿಸಿದ ಮೇಲೆ ಐದು ನಿಮಿಷ ಎಂಜಿನ್ ಆನ್ ಇಡಬೇಕು ಅಂತಾರೆ, ನಿಜವಾ? ಇತ್ತೀಚೆಗೆ ಎಳೆತವೂ ಕಡಿಮೆಯಾಗಿದೆ, ಕಪ್ಪು ಹೊಗೆ ಬರುತ್ತಿದೆ. ಮೆಕ್ಯಾನಿಕ್ ಟರ್ಬೊ ಬದಲಿಸಿ ಅಂತಿದ್ದಾರೆ.

ಉತ್ತರ: ಐದು ನಿಮಿಷ ಬೇಡ. ಟರ್ಬೊ ಅಂದರೆ ಹೊಗೆಯ ರಭಸಕ್ಕೆ ತಿರುಗುವ ಒಂದು ಚಕ್ರ, ಅದೇ ಕಡ್ಡಿಯ ಇನ್ನೊಂದು ತುದಿಗೆ ಎಂಜಿನ್ನಿಗೆ ಗಾಳಿ ಒತ್ತುವ ಚಕ್ರ. ನಿಮ್ಮೂರಿನ ಗುಡ್ಡದ ಮೇಲಿನ ಗಾಳಿಯಂತ್ರದ ತತ್ವವೇ ಅಂದುಕೊಳ್ಳಿ. ಆದರೆ ಅದು ಸಾವಧಾನ, ಇದು ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೇಲೆ. ಆ ಕಡ್ಡಿ ನಿಂತಿರುವುದು ಎಂಜಿನ್ ಆಯಿಲ್‌ನ ತೆಳು ಪದರದ ಮೇಲೆ. ಜೋರಾಗಿ ಓಡಿಸಿ ತಟ್ಟನೆ ಆಫ್ ಮಾಡಿದರೆ ಆಯಿಲ್ ಹರಿಯುವುದು ನಿಲ್ಲುತ್ತದೆ, ಒಳಗಿನ ಬಿಸಿಗೆ ಅಲ್ಲೇ ಕರಕಲಾಗುತ್ತದೆ. ಹೈವೇ ಬಿಟ್ಟು ಐಮಂಗಲದ ಹೋಟೆಲ್ ಮುಂದೆ ನಿಲ್ಲಿಸಿದಿರಿ ಅಂದರೆ, ಒಂದು ನಿಮಿಷ ಐಡಲ್‌ನಲ್ಲಿ ಬಿಡಿ, ಅಷ್ಟರಲ್ಲಿ ಯಾರಿಗೆ ಟೀ ಯಾರಿಗೆ ಕಾಫಿ ಅಂತ ತೀರ್ಮಾನವಾಗಿರುತ್ತದೆ. ಊರೊಳಗೆ ನಿಧಾನ ಓಡಿಸಿಕೊಂಡು ಮನೆ ಸೇರಿದರೆ ಅದೂ ಬೇಡ.

ಹೊಗೆ ವಿಷಯ. ಟರ್ಬೊ ಬದಲಿಸುವ ಮೊದಲು ಪೈಪು ನೋಡಿಸಿ! ಒತ್ತಿದ ಗಾಳಿ ಬಿಸಿಯಾಗಿರುತ್ತದೆ, ಅದನ್ನು ತಣ್ಣಗೆ ಮಾಡಲು ಇಂಟರ್‌ಕೂಲರ್‌ಗೆ ಕಳಿಸುತ್ತಾರೆ. ಹೋಗುವ ಬರುವ ರಬ್ಬರ್ ಪೈಪು ಸೀಳಿದರೆ ಅಥವಾ ಕ್ಲಿಪ್ ಸಡಿಲವಾದರೆ ಗಾಳಿ ದಾರಿಯಲ್ಲೇ ಸೋರುತ್ತದೆ. ಆಗ ಇವೇ ಲಕ್ಷಣಗಳು: ಎಳೆತ ಇಲ್ಲ, ಕಪ್ಪು ಹೊಗೆ, ಆಕ್ಸಿಲರೇಟರ್ ಒತ್ತಿದಾಗ ಉಸ್ಸೆನ್ನುವ ಸದ್ದು. ನನಗೂ ಒಂದು ಗ್ಯಾರೇಜಿನಲ್ಲಿ ಹೊಸ ಟರ್ಬೊಗೆ ಕೊಟೇಶನ್ ಕೊಟ್ಟಿದ್ದರು. ಬೇರೆ ಕಡೆ ತೋರಿಸಿದರೆ ಒಂದು ಕ್ಲಿಪ್ ಕಿತ್ತುಹೋಗಿತ್ತು, ಊಟದ ಖರ್ಚಿನಷ್ಟರಲ್ಲಿ ಮುಗಿಯಿತು. ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದು ಆಯಿಲ್ ಕಡಿಮೆಯಾಗುತ್ತಿದ್ದರೆ ಆಗ ಟರ್ಬೊ ಮೇಲೆ ಅನುಮಾನ ಪಡಿ. ಹಾಗೇ ಏರ್ ಫಿಲ್ಟರ್ ಕೂಡ ನೋಡಿಸಿ, ನಿಮ್ಮ ಜಿಲ್ಲೆಯ ಧೂಳು ಸಾಮಾನ್ಯದ್ದಲ್ಲ.

ಪ್ರಶ್ನೆ: ಆಲ್ ವೀಲ್ ಡ್ರೈವ್ ಗಾಡಿಗೆ ಎರಡು ಟೈರು ಮಾತ್ರ ಬದಲಿಸಬಾರದಂತೆ. ಇದು ಟೈರು ಅಂಗಡಿಯವರ ವ್ಯಾಪಾರವಾ? – ಹರಿಹರ

ಉತ್ತರ: ವ್ಯಾಪಾರವೂ ಹೌದು, ಲೆಕ್ಕವೂ ಹೌದು. 235/60 ಆರ್18 ಅಳತೆಯ ಹೊಸ ಟೈರಿನ ಎತ್ತರ ಸುಮಾರು 739 ಮಿ.ಮೀ. 5 ಮಿ.ಮೀ. ಸವೆದ ಟೈರಿನದು 729. ಹೊಸದು ಒಂದು ಕಿಲೋಮೀಟರಿಗೆ ಸುಮಾರು 430 ಸುತ್ತು ತಿರುಗಿದರೆ ಹಳೆಯದು 436. ಆರು ಸುತ್ತು ಏನು ಮಹಾ ಅನಿಸಬಹುದು. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್, ಅಲ್ಲಿಗೆ ಮುಟ್ಟುವಷ್ಟರಲ್ಲಿ ಹದಿನೈದು ನೂರು ಸುತ್ತಿನ ವ್ಯತ್ಯಾಸ. ಗಾಲಿ ಜಾರುತ್ತಿದೆ ಅಂತ ಕಂಪ್ಯೂಟರ್ ಮೋಸಹೋಗಬಹುದು, ಮೇಲೆ ಹೇಳಿದ ಬಿಲ್ಲೆಗಳು ಸುಮ್ನೆ ಸವೆಯುತ್ತವೆ. ಆದ್ದರಿಂದ ನಾಲ್ಕನ್ನೂ ಆಗಾಗ ಹಿಂದೆ ಮುಂದೆ ಬದಲಿಸುತ್ತಾ ಒಟ್ಟಿಗೆ ಸವೆಸಿ, ಒಟ್ಟಿಗೆ ಬದಲಿಸಿ. ಇನ್ನೊಂದು, ಗಾಡಿ ಕೆಟ್ಟರೆ ಮುಂದಿನ ಗಾಲಿ ಎತ್ತಿ ಎಳೆಯಲು ಬಿಡಬೇಡಿ. ಪೂರ್ತಿ ಲಾರಿ ಮೇಲೆ ಹತ್ತಿಸಲು ಹೇಳಿ.

ಪ್ರಶ್ನೆ: ಡೀಸೆಲ್ ಎಸ್‌ಯುವಿ ತಗೊಂಡು ವರ್ಷವಾಯಿತು. ಡಿಪಿಎಫ್ ದೀಪ ಪದೇಪದೇ ಬರುತ್ತಿದೆ. ಗಾಡಿ ಓಡುವುದು ಮಕ್ಕಳ ಸ್ಕೂಲು, ಭಾನುವಾರ ಬೆಣ್ಣೆದೋಸೆ, ಇಷ್ಟೇ. – ದಾವಣಗೆರೆ

ಉತ್ತರ: ಕಾರಣ ನೀವೇ ಬರೆದಿದ್ದೀರಿ. ಡಿಪಿಎಫ್ ಅಂದರೆ ಡೀಸೆಲ್ ಹೊಗೆಯ ಫಿಲ್ಟರ್. ಹೊಗೆಯ ಮಸಿಯನ್ನು ಅದು ಹಿಡಿದಿಡುತ್ತದೆ, ತುಂಬಿದಾಗ 600 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ ಸುಟ್ಟುಕೊಳ್ಳುತ್ತದೆ. ದೋಸೆಗೆ ಹೋಗಿ ಬರುವ ಎರಡು ಕಿಲೋಮೀಟರಿನಲ್ಲಿ ಅದಕ್ಕೆ ಬೆವರೂ ಬರುವುದಿಲ್ಲ. ಹತ್ತು ಹದಿನೈದು ದಿನಕ್ಕೊಮ್ಮೆ ಹೈವೇ ಹತ್ತಿ, ಒಂದೇ ವೇಗದಲ್ಲಿ ಇಪ್ಪತ್ತು ನಿಮಿಷ ಓಡಿಸಿ. ನಿಲ್ಲಿಸಿದಾಗ ಫ್ಯಾನ್ ಜೋರಾಗಿ ತಿರುಗುತ್ತಿದ್ದು ಐಡಲ್ ಏರಿದ್ದರೆ ಸುಡುವ ಕೆಲಸ ನಡೀತಿದೆ ಅಂತ, ಆಗ ಆಫ್ ಮಾಡದೆ ಇನ್ನೊಂದು ರೌಂಡ್ ಹೋಗಿ ಬನ್ನಿ. ಮತ್ತೆ ಮತ್ತೆ ಅರ್ಧಕ್ಕೆ ನಿಲ್ಲಿಸಿದರೆ ಮಸಿ ಸುಡಲೆಂದು ಹಾಕಿದ ಡೀಸೆಲ್ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್ ತೆಗೆದು ನೋಡಿ, ಆಯಿಲ್ ಮಟ್ಟ ಮೊದಲಿಗಿಂತ ಮೇಲೇರಿದ್ದರೆ ಖುಷಿಪಡಬೇಡಿ, ಬೇಗ ಬದಲಿಸಿ. ಮುಂದಿನ ಗಾಡಿ ಪೆಟ್ರೋಲ್ ಇರಲಿ.

ಪ್ರಶ್ನೆ: ಆಲ್ ವೀಲ್ ಡ್ರೈವ್ ಗಾಡಿಗೆ ಟ್ರೈಲರ್ ಕಟ್ಟಿ ಮೇವು ಸಾಗಿಸಬಹುದಾ? – ಚಳ್ಳಕೆರೆ

ಉತ್ತರ: ಬೇಡ. ಟ್ರ್ಯಾಕ್ಟರ್ ಬಾಡಿಗೆಗೆ ತಗೊಳ್ಳಿ. ನಂಬರ್ ಬೇಕಾದರೆ ಹೇಳಿ, ನನ್ನ ಹತ್ತಿರ ಒಂದಿದೆ.